ಸದರಿ ಕಡಲು

ಮೂವತ್ತೆಂಟು ವರ್ಷ ಮಂಜೇಶ್ವರದ
ಸಬ್‌ರಿಜಿಸ್ಟ್ರಾರ್ ಕಚೇರಿಯೆದುರು
ಜಾಗದ ಆಧಾರ ಬರೆದ ಕೈ ಇದು.
ಒಂದೇ ವಾಕ್ಯದೊಳಗೆ ಎಂಬತ್ತು ಸೆಂಟ್ಸು;
ನಡುವೆ ಪೂರ್ಣವಿರಾಮ ಇಟ್ಟರೆ
ಅಲ್ಲೊಂದು ವ್ಯಾಜ್ಯ ಮೊಳೆಯುತ್ತದೆ ಎಂದಿದ್ದರು
ಕೆಲಸ ಕಲಿಸಿದವರು.
ಸದರಿ, ಯಾನೆ, ಮೇಲ್ಕಾಣಿಸಿದ,
ಜಲ ತರು ಪಾಷಾಣ ನಿಧಿ ನಿಕ್ಷೇಪ ಸಹಿತ.
ಬಾವಿಯೇ ಇಲ್ಲದ ಪಾದೆಗೂ ಜಲ ಬರೆದಿದ್ದೇನೆ.

ಈಗ ಎದುರು ಕೂತಿದ್ದಾಳೆ ಉಪ್ಪಳದ ಸಫೂರಾ,
ಹದಿನೇಳು ಸೀಟಿನ ವ್ಯಾನಿನ ಒಡತಿ.
ಬೇಕಲ, ಅನಂತಪುರ, ನೀಲೇಶ್ವರದಲ್ಲಿ ದೋಣಿ,
ಒಂದು ದಿನದ ಸುತ್ತು, ಊಟ ಸೇರಿ.
"ಷರತ್ತು ಬೇಕು ಸಾರ್. ಮಲಯಾಳದ್ದು ತಮ್ಮ ಬರೆದ,
ಕನ್ನಡದ್ದು ನೀವು. ಗಟ್ಟದ ಮೇಲಿನವರೇ
ಬರುದು ಹೆಚ್ಚು."

ಬರೆದೆ:
ಸದರಿ ಪ್ರವಾಸವನ್ನು ಪ್ರವಾಸಿಗರ ಪೈಕಿ ಯಾರಾದರೂ
ಯಾವುದೇ ಕಾರಣದಿಂದ ಪರಿತ್ಯಜಿಸಿದಲ್ಲಿ
ತತ್ಸಂಬಂಧ ಪಾವತಿಸಲ್ಪಟ್ಟ ಮುಂಗಡವು...

ವ್ಯಾನಿಗೆ ಕೈ ಅಡ್ಡ ಹಿಡಿದ ಹಾಗೆ ಹಿಡಿದಳು.
"ಸಾರ್, ದುಡ್ಡು ವಾಪಸು ಕೊಡುದಾ, ಇಲ್ವಾ?"
ಮತ್ತೊಮ್ಮೆ ಓದಿದೆ.
ನನಗೂ ಗೊತ್ತಾಗಲಿಲ್ಲ.

ಮೂರು ದಿನ ಮೊದಲು ಹೇಳಿದರೆ ಪೂರಾ ವಾಪಸು.
ಹಿಂದಿನ ದಿನ ಹೇಳಿದರೆ ಅರ್ಧ.
ಬೆಳಗ್ಗೆ ಹೇಳಿದರೆ ಇಲ್ಲ,
ಅಷ್ಟೊತ್ತಿಗೆ ಮೀನು ತಂದಾಗಿರುತ್ತದೆ.
ಮೀನು ಸೇರಿಸಿದ್ದು ಅವಳು.
ಕಾರಣ ಹೇಳುವ ಷರತ್ತು ನಾನು ಕಂಡದ್ದು ಇದೇ ಮೊದಲು.

ಮಧ್ಯಾಹ್ನದ ಬಾಂಗಿನವರೆಗೂ ಹೀಗೇ,
ಒಂದೊಂದು ಕಲಮಿನ ಹಿಂದೆ ಒಬ್ಬೊಬ್ಬ ಮನುಷ್ಯ.
ಕೆರೆಯ ಮೊಸಳೆ ಕಂಡೇ ಕಾಣುತ್ತದೆ ಎಂದು ನಾವು ಹೇಳುವುದಿಲ್ಲ:
ದಾವಣಗೆರೆಯ ಬಟ್ಟೆ ವ್ಯಾಪಾರಿ
ಇನ್ನೂರು ರೂಪಾಯಿ ಹಿಡಿದುಕೊಂಡಿದ್ದನಂತೆ.
ಸೂರ್ಯ ಮೋಡದೊಳಗೆ ಮುಳುಗಿದರೂ
ಮುಳುಗಿದ ಲೆಕ್ಕವೇ.
ಕೋಟೆಯ ಗೋಡೆ ಹತ್ತಿ ಫೋಟೋ ತೆಗೆಯಬಾರದು.
ಇದಕ್ಕೆ ಮಾತ್ರ ಅವಳು ಯಾರ ಹೆಸರೂ ಹೇಳಲಿಲ್ಲ,
ಕಿಟಕಿಯಾಚೆ ನೋಡಿದಳು.
ನಾನು ಕೇಳಲಿಲ್ಲ.

ಹೇಳಿದ ಹೊತ್ತಿನ ಮೇಲೆ ಹತ್ತು ನಿಮಿಷ ಕಾಯುತ್ತೇವೆ.
ಮತ್ತೆ ವ್ಯಾನು ಹೊರಡುತ್ತದೆ.

"ನಿಲ್ಲಿ ಸಾರ್.
ಗದಗದ ಕಡೆಯ ಫಕೀರವ್ವ ಅಂತ ಒಬ್ಬರು,
ಬೇಕಲದಲ್ಲಿ ನೀರಿಗೆ ಕಾಲಿಟ್ಟು ಕೂತವರು ಏಳುದೇ ಇಲ್ಲ.
ವ್ಯಾನಿನಲ್ಲಿ ಹದಿನಾರು ಜನ ನನಗೆ ಬೈತಾ ಇದ್ದಾರೆ.
ಕರೀಲಿಕ್ಕೆ ಹೋದರೆ ಕೇಳ್ತಾರೆ,
'ಇದನ್ನ ರಾತ್ರಿ ಬಂದ್ ಮಾಡೂದಿಲ್ಲೇನವ್ವಾ?'
ನಾನೂ ಪಕ್ಕ ಕೂತೆ.
ಅಂಥವರಿಗೆ ಯಾವಾಗಲೂ ಕಾಯ್ತೇನೆ.
ಆದರೆ ಕಾಗದದಲ್ಲಿ ಹತ್ತೇ ನಿಮಿಷ ಉಂಟಲ್ಲ?"

ಬರೆಯುವುದು ಬೇರೆ ನಡೆಯುವುದು ಬೇರೆ ಮಗಳೇ,
ಅದು ನಮ್ಮ ಕೆಲಸದ ಓಂಕಾರ.
ಬರೆದಿಟ್ಟರೆ ಎಲ್ಲರೂ ಮೊದಲ ಸಲ
ಕಡಲು ಕಂಡವರೇ ಆಗಿಬಿಡುತ್ತಾರೆ, ಎಂದೆ.

"ಆಗಲಿ. ಸುಳ್ಳು ಹೇಳಿಯಾದರೂ
ಕಡಲು ನೋಡುವವರು ಎಷ್ಟು ಜನ ಸಿಕ್ಕಾರು?"

ಏಳನೆಯದು ಹಾಗೆ ಆಯಿತು:
ಕಡಲನ್ನು ಮೊದಲ ಸಲ ನೋಡುವವರಿಗೆ
ಇನ್ನೂ ಇಪ್ಪತ್ತು ನಿಮಿಷ.
ಉಳಿದವರು ಕಾಯಬೇಕು. ಅವರ ಚಾ ನಮ್ಮದು.
ಪೂರ್ಣವಿರಾಮ ಇಟ್ಟು ಸ್ವಲ್ಪ ಹೊತ್ತು ನೋಡಿದೆ.
ಏನೂ ಮೊಳೆಯಲಿಲ್ಲ.

ಕೆಳಗೆ ಡಿಟಿಪಿ ಅಂಗಡಿಯ ಹುಡುಗ ಕೇಳಿದ,
ಕನ್ನಡ ಎಷ್ಟು ಸೈಜು?
ನಾನು ಸುಮ್ಮನಿದ್ದೆ. ಈ ಊರಿನ ಬೋರ್ಡುಗಳಡಿಯಲ್ಲಿ
ಕಣ್ಣು ಕಿರಿದು ಮಾಡಿ ಓದಿಯೇ ನಮಗೆ ಅಭ್ಯಾಸ.
"ಮಲಯಾಳದಷ್ಟೇ," ಅಂದಳು ಸಫೂರಾ,
"ಕನ್ನಡಕ ಮರೆತು ಬಂದವರಿಗೂ ಕಾಣಬೇಕು."

ಮತ್ತೆ ನನ್ನ ಕಡೆ ತಿರುಗಿ: "ನಿಮ್ಮದೆಷ್ಟು ಸಾರ್?"
"ನಿನಗೆ ತೋಚಿದ್ದು ಕೊಡು," ಎಂದೆ,
ಮೂವತ್ತೆಂಟು ವರ್ಷದ ರೂಢಿ.

ತೆರೆದ ಪರ್ಸನ್ನು ಅವಳು ಮುಚ್ಚಿದಳು.
"ಅದು ಗೊತ್ತಾಗುದಿಲ್ಲ ಸಾರ್.
ಬರೆದು ಕೊಡಿ."